ಲಿವರಿಗೆ ಬೇಕಿರುವುದು ಬೂಸ್ಟರ್ ಅಲ್ಲ

ಐರ್ಲೆಂಡಿನಲ್ಲಿ 1977ರಿಂದ 1979ರ ನಡುವೆ ಹೆರಿಗೆಯಾದ ಸಾವಿರಾರು ತಾಯಂದಿರಿಗೆ ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದು ಕೊಟ್ಟಿದ್ದರು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದಾಗ ಮುಂದಿನ ಬಸಿರಿಗೆ ತೊಂದರೆಯಾಗದಿರಲೆಂದು ಕೊಡುವ ‘ಆಂಟಿ ಡಿ’ ಅದು. ಈಗ ನಮ್ಮ ಊರುಗಳ ಹೆರಿಗೆ ಆಸ್ಪತ್ರೆಗಳಲ್ಲೂ ಮಾಮೂಲಿ. ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಾಗುವ ಮದ್ದು. ಆ ವರ್ಷಗಳ ಕೆಲವು ಬ್ಯಾಚುಗಳಿಗೆ ಸೇರಿದ ಪ್ಲಾಸ್ಮಾ ಒಬ್ಬ ರೋಗಿಯದಾಗಿತ್ತು. ಆಕೆಗೆ ಕಾಮಾಲೆ ಕಾಣಿಸಿಕೊಂಡಿತ್ತು. ಆ ಕಾಮಾಲೆ ತಂದ ವೈರಸ್‌ಗೆ ಆಗ ಹೆಸರೇ ಇರಲಿಲ್ಲ. ‘ಎ’ಯೂ ಅಲ್ಲ, ‘ಬಿ’ಯೂ ಅಲ್ಲ ಎಂದಷ್ಟೇ ವೈದ್ಯರು ಹೇಳುತ್ತಿದ್ದರು. ಹೆಪಟೈಟಿಸ್ ಸಿ ಎಂದು ಗುರುತು ಸಿಕ್ಕಿದ್ದು 1989ರಲ್ಲಿ.

ತಾಯಂದಿರಿಗೆ ವಿಷಯ ತಿಳಿದದ್ದು ಇನ್ನೂ ತಡವಾಗಿ, 1994ರ ಫೆಬ್ರುವರಿಯಲ್ಲಿ. ರಕ್ತದಾನಕ್ಕೆ ಬಂದ ಮಹಿಳೆಯರಲ್ಲಿ ಹೆಪಟೈಟಿಸ್ ಸಿ ಕಂಡವರ ಪಟ್ಟಿ ನೋಡುತ್ತಿದ್ದ ಕಾರ್ಕ್ ನಗರದ ವೈದ್ಯೆಯೊಬ್ಬರಿಗೆ, ಅವರಲ್ಲಿ ಆರ್‌ಎಚ್ ನೆಗೆಟಿವ್ ಇರುವವರೇ ಯಾಕೆ ಇಷ್ಟೊಂದು ಎಂಬ ಅನುಮಾನ ಬಂತು. ಬೆನ್ನುಹತ್ತಿದಾಗ ಆಂಟಿ ಡಿ ಸಿಕ್ಕಿಬಿತ್ತು. ಸರ್ಕಾರ ದೇಶದ ಉದ್ದಗಲಕ್ಕೂ ಕರೆ ಕೊಟ್ಟು 62,000ಕ್ಕೂ ಹೆಚ್ಚು ಮಹಿಳೆಯರ ರಕ್ತ ಪರೀಕ್ಷಿಸಿತು. 704 ಮಂದಿಯಲ್ಲಿ ಸೋಂಕು ತಗುಲಿದ್ದ ಕುರುಹು ಸಿಕ್ಕಿತು. ಅವರ ಪೈಕಿ 390 ಮಂದಿಯ ರಕ್ತದಲ್ಲಿ, ಅಂದರೆ ಶೇ 55ರಷ್ಟು ಮಂದಿಯಲ್ಲಿ, 17 ವರ್ಷಗಳ ನಂತರವೂ ವೈರಸ್ ಜೀವಂತವಾಗಿತ್ತು. ಉಳಿದವರ ದೇಹ ಯಾವ ಔಷಧದ ನೆರವೂ ಇಲ್ಲದೆ ಅದನ್ನು ಒದ್ದೋಡಿಸಿತ್ತು.

ಒಂದೇ ಮೂಲದ ವೈರಸ್. ಒಂದೇ ದಾರಿಯಲ್ಲಿ ಒಳಹೊಕ್ಕದ್ದು. ಸೋಂಕು ತಗುಲಿದವರೆಲ್ಲ ಬಾಣಂತಿಯರು, ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ನಾಡಿನವರು. ಬೇರೆ ಯಾವ ವೈರಸ್ ಸೋಂಕಿನಲ್ಲೂ ಇಂಥ ಹೋಲಿಕೆಗೆ ಅವಕಾಶ ಸಿಗುವುದು ಅಪರೂಪ. ಬೇಕೆಂದೇ ಯಾರೂ ಮಾಡಲಾಗದ, ಮಾಡಬಾರದ ಪ್ರಯೋಗವೊಂದು ಅಧಿಕಾರಿಗಳ ಬೇಜವಾಬ್ದಾರಿಯಿಂದ ತಾನಾಗಿ ನಡೆದುಹೋಗಿತ್ತು.

ಇನ್ನೂ ಸೋಜಿಗದ ಗುಂಪು ಒಂದಿತ್ತು. ಕಲುಷಿತ ಬ್ಯಾಚಿನದೇ ಚುಚ್ಚುಮದ್ದು ಪಡೆದರೂ ಕೆಲವರ ರಕ್ತದಲ್ಲಿ ವೈರಸ್ಸೂ ಇರಲಿಲ್ಲ, ಪ್ರತಿಕಾಯವೂ ಇರಲಿಲ್ಲ. ಸೋಂಕು ಬಂದು ವಾಸಿಯಾದವರಲ್ಲಿ ಸಾಮಾನ್ಯವಾಗಿ ಪ್ರತಿಕಾಯ ಉಳಿದಿರುತ್ತದೆ. ಇವರಲ್ಲಿ ಅದೂ ಇಲ್ಲ ಅಂದರೆ ವೈರಸ್ ಕಾಲೂರುವ ಮೊದಲೇ ಕಥೆ ಮುಗಿದಿರಬೇಕು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ರೋಗನಿರೋಧಕ ವಿಜ್ಞಾನಿ ಕ್ಲಿಯೋನಾ ಓಫ್ಯಾರೆಲಿ ಮತ್ತು ಅವರ ತಂಡ ಇಂಥ ಸುಮಾರು 40 ಮಹಿಳೆಯರನ್ನು ಹುಡುಕಿ ತೆಗೆಯಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಜೊತೆ ಸೇರಿ, ಅವರಲ್ಲಿ ಕೆಲವರ ರಕ್ತಕ್ಕೆ ವೈರಸ್ಸಿನಂತೆ ನಟಿಸುವ ಅಣುಗಳನ್ನು ಬೆರೆಸಿ ನೋಡಿತು. ವೈರಸ್ಸಿನ ಆರ್‌ಎನ್‌ಎ ಗುರುತಿಸುವ ‘ಟಿಎಲ್‌ಆರ್ 3’ ಎಂಬ ಗ್ರಾಹಕವನ್ನು ಕೆಣಕಿದಾಗ ಈ ಮಹಿಳೆಯರ ರಕ್ತ, ಸೋಂಕು ತಗುಲಿದ್ದವರ ರಕ್ತಕ್ಕಿಂತ ಜೋರಾಗಿ ಪ್ರತಿಕ್ರಿಯಿಸಿತು. 2022ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಚುಚ್ಚುಮದ್ದು ಕೊಟ್ಟು 40 ವರ್ಷ ಕಳೆದಿತ್ತು. ಹಾಗಾಗಿ ಇದು ಹಳೆಯ ಸೋಂಕಿನ ನೆನಪಿರಲಾರದು, ಆ ದೇಹಗಳ ಹುಟ್ಟುಗುಣವೇ ಇರಬೇಕು ಎಂಬುದು ಸಂಶೋಧಕರ ಅಂದಾಜು. ಪರೀಕ್ಷಿಸಿದ ಜನರ ಸಂಖ್ಯೆ ಸಣ್ಣದು, ನೋಡಿದ್ದು ರಕ್ತವನ್ನೇ ಹೊರತು ಲಿವರನ್ನಲ್ಲ. ಆದರೂ ಹೆಪಟೈಟಿಸ್ ಕುರಿತ ಬಹಳಷ್ಟು ಸಾರ್ವಜನಿಕ ಮಾತುಕತೆಗೆ ಇಲ್ಲಿ ಒಂದು ತಿದ್ದುಪಡಿ ಇದೆ.

ಆ ಮಾತುಕತೆ ಯಾವುದೆಂದು ಔಷಧ ಅಂಗಡಿಯ ಗಾಜಿನ ಕಪಾಟು ನೋಡಿದರೆ ತಿಳಿಯುತ್ತದೆ. ‘ಇಮ್ಯೂನಿಟಿ ಹೆಚ್ಚಿಸುವ’ ಸಿರಪ್ಪು, ಮಾತ್ರೆ, ಕಷಾಯದ ಪುಡಿ. ಪಕ್ಕದಲ್ಲೇ ಲಿವರ್ ಟಾನಿಕ್. ದೇಹದ ನಿರೋಧಕ ಶಕ್ತಿ ಎಂದರೆ ಕಡಿಮೆಯಾದಾಗ ತುಂಬಿಸಿಕೊಳ್ಳುವ ಸರಕು ಎಂಬ ನಂಬಿಕೆಯ ಮೇಲೆ ಈ ವ್ಯಾಪಾರವೆಲ್ಲ ನಿಂತಿದೆ. ಲಿವರಿಗೆ ದೀರ್ಘಕಾಲ ಅಂಟಿಕೊಳ್ಳುವ ವೈರಸ್‌ಗಳ ವಿಚಾರದಲ್ಲಂತೂ ಈ ನಂಬಿಕೆ ಬುಡದಿಂದಲೇ ತಪ್ಪು. ಅಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ನಿರೋಧಕ ಶಕ್ತಿ ಎಷ್ಟಿದೆ ಎಂಬುದರಿಂದಲ್ಲ. ಮೊದಲ ಕೆಲವು ಗಂಟೆ, ದಿನಗಳಲ್ಲಿ ಅದು ಏನನ್ನು ಗುರುತಿಸಿತು, ಯಾವಾಗ ಎಚ್ಚೆತ್ತಿತು, ಯಾವಾಗ ಸುಮ್ಮನಾಯಿತು ಎಂಬುದರಿಂದ. ಈ ಮಾತಿಗೆ ಅರವತ್ತು ಎಪ್ಪತ್ತು ವರ್ಷಗಳ ಸಂಶೋಧನೆಯ ಆಧಾರವಿದೆ.

ದೇಹಕ್ಕೆ ಎರಡು ಬಗೆಯ ನಿರೋಧಕತೆ ಇದೆ. ಒಂದು ಕಲಿತು ಬರುವುದು. ಕಂಡ ರೋಗಾಣುವಿನ ಚಹರೆ ನೆನಪಿಟ್ಟುಕೊಂಡು ಅದಕ್ಕೆ ಸರಿಹೊಂದುವ ಪ್ರತಿಕಾಯ ಮತ್ತು ಟಿ ಕೋಶಗಳನ್ನು ತಯಾರು ಮಾಡುವುದು ಅದರ ಕೆಲಸ. ಲಸಿಕೆ ಪಾಠ ಹೇಳುವುದೂ ಅದಕ್ಕೇ. ಆದರೆ ಈ ತಯಾರಿಗೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಇನ್ನೊಂದು ಹುಟ್ಟಿನಿಂದಲೇ ಬಂದ ಸಹಜ ನಿರೋಧಕತೆ. ಅದಕ್ಕೆ ವೈರಸ್ಸಿನ ಹೆಸರು, ಕುಲ ಬೇಕಿಲ್ಲ. ಜೀವಕೋಶದೊಳಗೆ ಇರಬಾರದ ಕಡೆ, ಇರಬಾರದ ರೂಪದಲ್ಲಿ ಆರ್‌ಎನ್‌ಎ ಕಂಡರೆ ಸಾಕು, ಗದ್ದಲ ಶುರು. ಆ ಗದ್ದಲದ ಮುಖ್ಯ ಅಣು ಇಂಟರ್‌ಫೆರಾನ್.

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೀನ್ ಲಿಂಡೆನ್‌ಮನ್ ಇದನ್ನು ಪತ್ತೆಹಚ್ಚಿದರು. ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಪೊರೆಯ ಚೂರುಗಳ ಮೇಲೆ ಬಿಟ್ಟು, ಆಮೇಲೆ ಆ ದ್ರವವನ್ನಷ್ಟೇ ತೆಗೆದು ಹೊಸ ಪೊರೆಗೆ ಹಾಕಿದರು. ಹೊಸ ಪೊರೆಯಲ್ಲಿ ಜೀವಂತ ವೈರಸ್ಸೂ ಬೆಳೆಯಲಿಲ್ಲ. ಸೋಂಕು ಕಂಡ ಕೋಶ ಏನನ್ನೋ ಹೊರಗೆ ಸೂಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತಿತ್ತು. ಆ ಎಚ್ಚರಿಕೆ ಮುಟ್ಟಿದ ಕೋಶದಲ್ಲಿ ನೂರಾರು ಜೀನ್‌ಗಳು ಒಟ್ಟಿಗೆ ಚುರುಕಾಗುತ್ತವೆ ಎಂಬುದು ಮುಂದೆ ತಿಳಿಯಿತು: ವೈರಸ್ಸಿನ ಆರ್‌ಎನ್‌ಎ ಕತ್ತರಿಸುವವು, ಪ್ರೋಟೀನ್ ತಯಾರಿಕೆ ನಿಲ್ಲಿಸುವವು, ಹೊಸ ವೈರಸ್ ಹೊರಬೀಳದಂತೆ ತಡೆಯುವವು.

ಇಷ್ಟೆಲ್ಲ ಇದ್ದೂ ಲಿವರ್‌ನಲ್ಲಿ ವೈರಸ್ ಹತ್ತಾರು ವರ್ಷ ಬೀಡುಬಿಡುವುದು ಹೇಗೆ?

ಒಂದು ಕಾರಣ ಲಿವರ್‌ನ ಸ್ವಭಾವದಲ್ಲೇ ಇದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹಾಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೇರ ಕರುಳಿನಿಂದ ಬಂದದ್ದು. ಉಂಡ ಆಹಾರದ ಅಂಶ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರು ಎಲ್ಲ ಅದರಲ್ಲಿರುತ್ತವೆ. ಇವಕ್ಕೆಲ್ಲ ಲಿವರ್ ರೇಗಿದರೆ ಊಟ ಮಾಡಿದ್ದಕ್ಕೇ ಉರಿಯೂತ ಬರಬೇಕಾಗುತ್ತದೆ. ಅದಕ್ಕೇ ಅದು ಸಹಿಸಿಕೊಳ್ಳುವ ಅಂಗ. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ರಾಯ್ ಕಾಲ್ನ್ 1969ರಲ್ಲಿ ತೋರಿಸಿದಂತೆ, ಒಂದು ಹಂದಿಯ ಲಿವರನ್ನು ಇನ್ನೊಂದಕ್ಕೆ ಜೋಡಿಸಿದರೆ ನಿರೋಧಕತೆ ತಗ್ಗಿಸುವ ಔಷಧ ಕೊಡದಿದ್ದರೂ ಅದು ಎಷ್ಟೋ ಸಲ ಉಳಿದುಕೊಳ್ಳುತ್ತದೆ. ಕಿಡ್ನಿ, ಚರ್ಮ ಹಾಗೆ ಉಳಿಯವು.

ಹಾಗೆಂದು ಲಿವರ್ ಅಸಹಾಯಕವೂ ಅಲ್ಲ. ದೇಹದ ಅಂಗಾಂಶಗಳಲ್ಲಿ ನೆಲೆನಿಂತ ಭಕ್ಷಕ ಕೋಶಗಳ ಬಹುಪಾಲು ಇರುವುದು ಇಲ್ಲೇ, ಕುಪ್ಫರ್ ಕೋಶಗಳ ರೂಪದಲ್ಲಿ. ಸೋಂಕಿತ ಕೋಶವನ್ನು ಪೂರ್ವಪರಿಚಯವಿಲ್ಲದೆಯೂ ಕೊಲ್ಲಬಲ್ಲ ಎನ್‌ಕೆ ಕೋಶಗಳು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣದಲ್ಲಿ ಲಿವರ್‌ನಲ್ಲಿವೆ. ಸಹನೆ ಮತ್ತು ಸಿಟ್ಟು ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡ ಅಂಗ ಇದು.

ಇನ್ನೊಂದು ಕಾರಣ ವೈರಸ್ಸಿನ ಕರಾಮತ್ತು. ಹೆಪಟೈಟಿಸ್ ಸಿ ವೈರಸ್ ಕೋಶದೊಳಗೆ ಬಂದರೆ ‘ರಿಗ್ ಐ’ ಎಂಬ ಪ್ರೋಟೀನ್ ಅದರ ಆರ್‌ಎನ್‌ಎಯನ್ನು ಗುರುತಿಸುತ್ತದೆ. ಸುದ್ದಿ ಮೈಟೊಕಾಂಡ್ರಿಯಾದ ಹೊರಮೈಗೆ ಅಂಟಿಕೊಂಡಿರುವ ‘ಮಾವ್ಸ್’ ಎಂಬ ಮಧ್ಯವರ್ತಿಗೆ ಮುಟ್ಟಬೇಕು. ಅಲ್ಲಿಂದ ಇಂಟರ್‌ಫೆರಾನ್ ತಯಾರಿಕೆಗೆ ಆದೇಶ ಹೋಗಬೇಕು. 2005ರಲ್ಲಿ ಯುರೋಪ್, ಅಮೆರಿಕದ ಹಲವು ಪ್ರಯೋಗಾಲಯಗಳು ಬೇರೆ ಬೇರೆಯಾಗಿ ಕಂಡುಕೊಂಡ ಸಂಗತಿಯೆಂದರೆ, ವೈರಸ್ ತನ್ನ ಪ್ರೋಟೀನ್‌ಗಳನ್ನು ತುಂಡರಿಸಿಕೊಳ್ಳಲು ಬಳಸುವ ಕಿಣ್ವದಿಂದಲೇ ಮಾವ್ಸ್ ಅನ್ನೂ ತುಂಡರಿಸುತ್ತದೆ. ಕಳ್ಳ ಮನೆಗೆ ನುಗ್ಗಿ ಮೊದಲು ಫೋನಿನ ತಂತಿ ಕತ್ತರಿಸಿದಂತೆ. ಮನೆಯವರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಠಾಣೆಗೆ ಕರೆ ಹೋಗದು.

ಹೆಪಟೈಟಿಸ್ ಬಿ ವೈರಸ್ಸಿನ ರೀತಿಯೇ ಬೇರೆ. ಅದು ಏನನ್ನೂ ಕತ್ತರಿಸುವ ತಂಟೆಗೆ ಹೋಗದೆ ಕಣ್ಣಿಗೇ ಬೀಳದಂತೆ ಇರುತ್ತದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸ್ಟೀಫನ್ ವೀಲಾಂಡ್ ಮತ್ತು ಫ್ರಾನ್ಸಿಸ್ ಚಿಸಾರಿ 2004ರಲ್ಲಿ ಚಿಂಪಾಂಜಿಗಳ ಲಿವರ್‌ನ ಜೀನ್ ಚಟುವಟಿಕೆ ನೋಡಿದಾಗ, ವೈರಸ್ ಒಳಬಂದು ಹರಡುತ್ತಿದ್ದ ವಾರಗಳಲ್ಲಿ ಸಹಜ ನಿರೋಧಕತೆ ಮಿಸುಕಾಡಿರಲೇ ಇಲ್ಲ. ವೈರಸ್ಸಿನ ಡಿಎನ್‌ಎ ಕೋಶಕೇಂದ್ರದ ಒಳಗೆ ಒಂದು ಪುಟ್ಟ ಉಂಗುರವಾಗಿ ಕೂರುತ್ತದೆ. ಪ್ರತಿಗಳನ್ನು ಮಾಡಿಕೊಳ್ಳುವುದು ತನ್ನದೇ ಪ್ರೋಟೀನ್ ಚಿಪ್ಪಿನ ಮರೆಯಲ್ಲಿ. ಅಂಥ ಅನ್ಯ ಡಿಎನ್‌ಎ ಉಂಗುರಗಳನ್ನು ಅದುಮಿಡುವ ‘ಎಸ್‌ಎಂಸಿ 5/6’ ಎಂಬ ಪ್ರೋಟೀನ್ ಕೂಟ ಕೋಶದಲ್ಲಿದೆ, ನಿಜ. ವೈರಸ್ಸಿನ ‘ಎಕ್ಸ್’ ಪ್ರೋಟೀನ್ ಆ ಕೂಟವನ್ನು ಕೋಶದ ಕಸದ ವ್ಯವಸ್ಥೆಗೇ ಒಪ್ಪಿಸಿ ನಾಶಮಾಡಿಸುತ್ತದೆ ಎಂಬುದು 2016ರಲ್ಲಿ ಬಯಲಾಯಿತು.

ಗುರುತಿಸುವ ಕಡೆಯೇ ಏಟು ಬಿದ್ದಿರುವಾಗ ಹೊರಗಿನಿಂದ ‘ಶಕ್ತಿ’ ತುಂಬುತ್ತೇನೆ ಎನ್ನುವುದರಲ್ಲಿ ಅರ್ಥವಿಲ್ಲ. ಆದರೆ ವಿಜ್ಞಾನವೂ ಒಂದು ಕಾಲದಲ್ಲಿ ಅದನ್ನೇ ಮಾಡಿತು, ಅದೂ ಕಾಲು ಶತಮಾನ. ಆ ಅನುಭವದಿಂದ ಕಲಿಯುವುದು ಬಹಳಷ್ಟಿದೆ.

1986ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಹೂಫ್ನೇಗಲ್ ಮತ್ತು ಸಂಗಡಿಗರು ಹತ್ತು ರೋಗಿಗಳಿಗೆ ಇಂಟರ್‌ಫೆರಾನ್ ಕೊಟ್ಟರು. ಕಾಯಿಲೆ ಅದೇ ‘ಎಯೂ ಅಲ್ಲ, ಬಿಯೂ ಅಲ್ಲ’. ವೈರಸ್ ಯಾವುದೆಂದೇ ಗೊತ್ತಿಲ್ಲದೆ ಔಷಧ ಕೊಟ್ಟು, ಹೆಚ್ಚಿನವರಲ್ಲಿ ಲಿವರ್ ಕಿಣ್ವಗಳ ಮಟ್ಟ ಇಳಿದದ್ದನ್ನು ಕಂಡರು. ವೈದ್ಯಕೀಯದ ಇತಿಹಾಸದಲ್ಲಿ ಇಂಥ ಧೈರ್ಯದ ಊಹೆಗಳು ಫಲಿಸಿದ್ದು ಕಡಿಮೆ. 1991ರ ಹೊತ್ತಿಗೆ ಇಂಟರ್‌ಫೆರಾನ್ ಹೆಪಟೈಟಿಸ್ ಸಿಗೆ ಅಧಿಕೃತ ಔಷಧವಾಯಿತು.

ಬೆಲೆ ತೆತ್ತವರು ರೋಗಿಗಳು. ವಾರಕ್ಕೆ ಮೂರು ಚುಚ್ಚುಮದ್ದು, ಆಮೇಲೆ ಸುಧಾರಿಸಿದ ರೂಪದಲ್ಲಿ ವಾರಕ್ಕೊಂದು, 48 ವಾರ. ಜೊತೆಗೆ ರೈಬಾವಿರಿನ್ ಮಾತ್ರೆ. ಜ್ವರ, ಮೈಕೈ ನೋವು, ಕೂದಲು ಉದುರುವುದು, ರಕ್ತಹೀನತೆ. ಕೆಲವರಿಗೆ ಆತ್ಮಹತ್ಯೆಯ ಯೋಚನೆ ಬರುವಷ್ಟು ಖಿನ್ನತೆ. ಫ್ಲೂ ಬಂದಾಗ ಮೈ ಕಾಯುವುದು, ಮನಸ್ಸು ಕುಗ್ಗುವುದು ಬಹುಪಾಲು ಇದೇ ಇಂಟರ್‌ಫೆರಾನ್‌ನಂಥ ಅಣುಗಳ ಪ್ರಭಾವ. ಆ ಸ್ಥಿತಿಯನ್ನು ಒಂದು ವರ್ಷ ಎಳೆದರೆ ಹೇಗಿದ್ದೀತು! ಇಷ್ಟು ಅನುಭವಿಸಿದ ಮೇಲೂ ಹೆಚ್ಚು ವ್ಯಾಪಕವಾದ ಒಂದನೇ ಜೀನೋಟೈಪ್‌ನ ವೈರಸ್ ಇದ್ದವರಲ್ಲಿ ವಾಸಿಯಾಗುತ್ತಿದ್ದುದು ಅರ್ಧದಷ್ಟು ಮಂದಿಗೆ, ಅಥವಾ ಅದಕ್ಕೂ ಕಡಿಮೆ.

ಯಾಕೆ ಕೆಲವರಿಗೆ ಮಾತ್ರ? ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 2008ರಲ್ಲಿ ಚಿಕಿತ್ಸೆಗೆ ಮುನ್ನವೇ ತೆಗೆದ ಲಿವರ್‌ನ ಚೂರುಗಳನ್ನು ಪರೀಕ್ಷಿಸಿದರು. ಔಷಧ ಫಲಿಸದವರ ಲಿವರ್‌ನಲ್ಲಿ ಇಂಟರ್‌ಫೆರಾನ್ ಪ್ರಚೋದಿಸುವ ಜೀನ್‌ಗಳು ಮೊದಲೇ ತಾರಕಕ್ಕೇರಿದ್ದವು. ಅವರ ಸಹಜ ನಿರೋಧಕತೆ ದುರ್ಬಲವಾಗಿರಲಿಲ್ಲ, ವರ್ಷಗಟ್ಟಲೆ ಕಿರುಚಿ ಕಿರುಚಿ ಕೆಲಸಕ್ಕೆ ಬಾರದಂತಾಗಿತ್ತು. ಮೇಲೆ ಇನ್ನಷ್ಟು ಇಂಟರ್‌ಫೆರಾನ್ ಸುರಿದರೆ ಏನೂ ಆಗುತ್ತಿರಲಿಲ್ಲ.

ಮರುವರ್ಷ ವಂಶವಾಹಿ ಅಧ್ಯಯನಗಳು ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿದವು. 19ನೇ ವರ್ಣತಂತುವಿನ ಮೇಲೆ, ಲ್ಯಾಂಬ್ಡಾ ಗುಂಪಿನ ಇಂಟರ್‌ಫೆರಾನ್ ಜೀನ್‌ಗಳ ಬಳಿ ಒಂದೇ ಒಂದು ಅಕ್ಷರದ ವ್ಯತ್ಯಾಸವಿದ್ದರೆ ಚಿಕಿತ್ಸೆ ಫಲಿಸುವ ಸಾಧ್ಯತೆ ಸುಮಾರು ಎರಡು ಪಟ್ಟು ಹೆಚ್ಚು; ಔಷಧವಿಲ್ಲದೆ ತಾನೇ ವಾಸಿಯಾಗುವ ಸಾಧ್ಯತೆಯೂ ಹೆಚ್ಚು. 2013ರಲ್ಲಿ ಕಥೆ ಇನ್ನೂ ತಿರುವು ಪಡೆಯಿತು. ಅದೇ ಜಾಗದಲ್ಲಿ ‘ಲ್ಯಾಂಬ್ಡಾ 4’ ಎಂಬ ಹೊಸ ಇಂಟರ್‌ಫೆರಾನ್ ಸಿಕ್ಕಿತು. ಅದನ್ನು ತಯಾರಿಸಬಲ್ಲವರೇ ವೈರಸ್ಸನ್ನು ಓಡಿಸುವುದರಲ್ಲಿ ಹಿಂದೆ ಬೀಳುತ್ತಾರೆ. ಜೀನ್ ಕೆಟ್ಟು ತಯಾರಿಸಲಾಗದವರೇ ಗೆಲ್ಲುತ್ತಾರೆ. ವೈರಸ್ ವಿರೋಧಿ ಅಣುವೊಂದು ಕಡಿಮೆ ಇದ್ದವರಿಗೆ ಲಾಭ. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಕೊನೆಗೆ ಹೆಪಟೈಟಿಸ್ ಸಿ ಸೋತದ್ದು ನಿರೋಧಕತೆಯನ್ನು ಎತ್ತಿಕಟ್ಟುವ ಔಷಧದಿಂದಲ್ಲ, ವೈರಸ್ಸಿನ ಯಂತ್ರಕ್ಕೇ ಕೈಹಾಕುವ ಮಾತ್ರೆಗಳಿಂದ. 2011ರಲ್ಲಿ ಬಂದ ಮೊದಲ ಮಾತ್ರೆಗಳು ತಡೆದದ್ದು ಮಾವ್ಸ್ ಅನ್ನು ಕತ್ತರಿಸುತ್ತಿದ್ದ ಅದೇ ಕಿಣ್ವವನ್ನು. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್ಬುವಿರ್‌ಗೆ ಅಲ್ಲಿ ಆಗ ಒಂದು ಮಾತ್ರೆಗೆ 1,000 ಡಾಲರ್ ಇತ್ತು. 12 ವಾರಕ್ಕೆ 84,000 ಡಾಲರ್. ಮರುವರ್ಷ ಗಿಲಿಯಡ್ ಕಂಪನಿ ಭಾರತದ ಏಳು ತಯಾರಕರಿಗೆ ಪರವಾನಗಿ ಕೊಟ್ಟಿತು, ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲೊಂದು. ಪೈಪೋಟಿಗೆ ಬಿದ್ದು ಬೆಲೆ ಪಾತಾಳಕ್ಕಿಳಿಯಿತು. ಇಂದು ಎಂಟರಿಂದ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ವಾಸಿಯಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಗುಣವಾಗುವ ಕಾಯಿಲೆಯನ್ನು ಇಟ್ಟುಕೊಂಡು ಲಿವರ್ ಟಾನಿಕ್ ಕುಡಿಯುವವರು ಇನ್ನೂ ಇದ್ದಾರೆ ಎಂಬುದೇ ಬೇಸರದ ವಿಷಯ.

ಹೆಪಟೈಟಿಸ್ ಬಿ ಇಷ್ಟು ಸುಲಭಕ್ಕೆ ಬಗ್ಗಿಲ್ಲ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಕೋಶಕೇಂದ್ರದ ಆ ಉಂಗುರವನ್ನು ಅಳಿಸಲಾರವು. ಹಾಗಾಗಿ ಇಲ್ಲಿ ಸಹಜ ನಿರೋಧಕತೆಯನ್ನು ಎಬ್ಬಿಸುವ ಆಸೆಗೆ ಇನ್ನೂ ಜೀವವಿದೆ. ‘ಟಿಎಲ್‌ಆರ್ 7’ ಗ್ರಾಹಕವನ್ನು ಕೆಣಕುವ ವೆಸಟೊಲಿಮೊಡ್ ಎಂಬ ಮಾತ್ರೆ ಚಿಂಪಾಂಜಿಗಳಲ್ಲೂ ವುಡ್‌ಚಕ್ ಎಂಬ ಅಮೆರಿಕದ ದಂಶಕಗಳಲ್ಲೂ ಸೊಗಸಾಗಿ ಕೆಲಸ ಮಾಡಿತು; ಮನುಷ್ಯರಲ್ಲಿ ವೈರಸ್ಸಿನ ಮೇಲ್ಮೈ ಪ್ರೋಟೀನ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ‘ರಿಗ್ ಐ’ಯನ್ನು ಎಬ್ಬಿಸಲು ಹೊರಟ ಇನಾರಿಗಿವಿರ್‌ನ ಪ್ರಯೋಗದಲ್ಲಿ ರೋಗಿಗಳ ಲಿವರ್‌ಗೆ ಪೆಟ್ಟಾಗಿ, ಒಬ್ಬರು ತೀರಿಕೊಂಡ ಮೇಲೆ ಅದನ್ನು ಕೈಬಿಡಲಾಯಿತು. ವೈರಸ್ಸಿನ ಆರ್‌ಎನ್‌ಎಗೆ ಅಂಟಿ ಅದರ ಪ್ರೋಟೀನ್ ತಯಾರಿಕೆ ತಡೆಯುವ ಬೆಪಿರೊವಿರ್ಸೆನ್ ಚುಚ್ಚುಮದ್ದಿಗೆ ಸಹಜ ನಿರೋಧಕತೆಯನ್ನು ಮೆಲ್ಲಗೆ ತಟ್ಟುವ ಗುಣವೂ ಇದೆ. 2022ರಲ್ಲಿ ಪ್ರಕಟವಾದ ಅದರ ಎರಡನೇ ಹಂತದ ಪ್ರಯೋಗದಲ್ಲಿ 24 ವಾರ ಪೂರ್ಣ ಪ್ರಮಾಣ ಪಡೆದವರ ಪೈಕಿ ಮೇಲ್ಮೈ ಪ್ರೋಟೀನ್ ಕಾಣೆಯಾಗಿ, ಔಷಧ ನಿಲ್ಲಿಸಿದ ಮೇಲೂ ಮರಳದೆ ಉಳಿದದ್ದು ನೂರಕ್ಕೆ ಒಂಬತ್ತು ಹತ್ತು ಮಂದಿಯಲ್ಲಿ. ಸಣ್ಣ ಸಂಖ್ಯೆ. ಆದರೂ ಈ ಕ್ಷೇತ್ರದಲ್ಲಿ ಅದು ಸಂಭ್ರಮದ ಸುದ್ದಿಯೇ ಆಗಿತ್ತು ಎಂದರೆ ಹಾದಿ ಎಷ್ಟು ಕಡಿದೆಂದು ಊಹಿಸಬಹುದು.

ಇಲ್ಲೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಹೆಪಟೈಟಿಸ್ ಬಿ ವೈರಸ್ ತಾನಾಗಿ ಲಿವರ್ ಕೋಶವನ್ನು ಕೊಲ್ಲುವುದಿಲ್ಲ. ಕಣ್ಣು ಹಳದಿಯಾಗುವುದು, ಕಿಣ್ವ ಏರುವುದು, ಕ್ರಮೇಣ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುವುದು ಬಹುಪಾಲು ನಿರೋಧಕತೆಯೇ ಮಾಡುವ ಹಾನಿ. ಎನ್‌ಕೆ ಕೋಶಗಳು ಸೋಂಕಿತ ಕೋಶದ ಜೊತೆಗೆ, ವೈರಸ್ ವಿರುದ್ಧ ಕಾದಬೇಕಿದ್ದ ಟಿ ಕೋಶಗಳನ್ನೂ ಕೊಲ್ಲುತ್ತವೆ ಎಂದು ಲಂಡನ್ನಿನ ಮಲಾ ಮೈನಿ ಅವರ ತಂಡ ತೋರಿಸಿದೆ. ‘ಇಮ್ಯೂನಿಟಿ ಬೂಸ್ಟ್’ ಆಗಬೇಕು ಎನ್ನುವವರು ಇದರಲ್ಲಿ ಯಾವುದು ಬೂಸ್ಟ್ ಆಗಬೇಕೆಂದು ಹೇಳಿಯಾರೆ?

ನೆಲನೆಲ್ಲಿಯ ಮಾತು ಬಾರದೆ ಕನ್ನಡದಲ್ಲಿ ಕಾಮಾಲೆಯ ಮಾತು ಮುಗಿಯುವುದಿಲ್ಲ. ಹಸಿ ಗಿಡವನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕುಡಿಸುವುದು ಹಳ್ಳಿಹಳ್ಳಿಯ ರೂಢಿ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಮ್‌ಬರ್ಗ್ ಇದನ್ನು ತಾತ್ಸಾರ ಮಾಡಲಿಲ್ಲ. 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪ್ರಾಧ್ಯಾಪಕರಾಗಿಯೂ ಇದ್ದ ಅವರು ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರೊಂದಿಗೆ ಸೇರಿ ನೆಲನೆಲ್ಲಿಯ ಪರೀಕ್ಷೆ ನಡೆಸಿದರು. 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಗಿಡದ ಪುಡಿ ತಿಂದ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಮೇಲ್ಮೈ ಪ್ರೋಟೀನ್ ಮಾಯ, ಬರೀ ಹುಸಿ ಮಾತ್ರೆ ತಿಂದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಆದರೆ ಥಾಯ್ಲೆಂಡಿನಲ್ಲಿ ಮಾಡಿ ನೋಡಿದವರಿಗೆ ಆ ಫಲ ಸಿಗಲಿಲ್ಲ. ನ್ಯೂಜಿಲೆಂಡಿನಲ್ಲೂ ಸಿಗಲಿಲ್ಲ. ವಿಜ್ಞಾನ ನೆಲನೆಲ್ಲಿಗೆ ನ್ಯಾಯವಾದ ಅವಕಾಶ ಕೊಟ್ಟಿದೆ, ಅದು ಗೆಲ್ಲಲಿಲ್ಲ, ಅಷ್ಟೆ.

ಹಾಗಿದ್ದರೂ ಜನರ ನಂಬಿಕೆ ಕುಂದದಿರುವುದಕ್ಕೆ ಕಾರಣವಿದೆ. ಹೆಪಟೈಟಿಸ್ ಎ, ಇ ತಾನಾಗಿ ಗುಣವಾಗುವ ಕಾಯಿಲೆಗಳು. ಹೆಪಟೈಟಿಸ್ ಬಿ ಕೂಡ ವಯಸ್ಕರಿಗೆ ತಗುಲಿದರೆ ನೂರಕ್ಕೆ 95 ಮಂದಿಯಲ್ಲಿ ದೇಹವೇ ಅದನ್ನು ಸೋಲಿಸುತ್ತದೆ. ಆ ಹೊತ್ತಿಗೆ ಕುಡಿದಿದ್ದ ಕಷಾಯಕ್ಕೆ ಯಶಸ್ಸು ಸಲ್ಲುತ್ತದೆ.

ಅಮೃತಬಳ್ಳಿಯ ಕಥೆ ಇದಕ್ಕಿಂತ ಗಂಭೀರ. ಕೋವಿಡ್ ಕಾಲದಲ್ಲಿ ಅದರ ಕಷಾಯ ಕುಡಿಯದ ಮನೆ ಕಡಿಮೆ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯಲ್ಲಿ ಲಿವರ್ ಉರಿಯೂತ ಕಂಡು ವರದಿ ಮಾಡಿದರು. ನಿರೋಧಕತೆ ಸ್ವಂತ ಲಿವರ್‌ನ ಮೇಲೇ ತಿರುಗಿಬಿದ್ದಾಗ ಕಾಣುವ ಲಕ್ಷಣಗಳು ಅವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಹೋಲುವ ಬೇರೆ ಬಳ್ಳಿ ಇರಬಹುದು ಎಂದು ಆಕ್ಷೇಪಿಸಿತು. ಆಮೇಲೆ ದೇಶದ 13 ಕೇಂದ್ರಗಳ ವೈದ್ಯರು ಇಂಥದೇ 43 ಪ್ರಕರಣಗಳನ್ನು ದಾಖಲಿಸಿದರು. ಕೋಟ್ಯಂತರ ಜನ ಕುಡಿದಾಗ 43 ದೊಡ್ಡ ಸಂಖ್ಯೆಯಲ್ಲ ಎನ್ನಬಹುದು. ಸರಿ. ಆದರೆ ಆರೋಗ್ಯವಂತರು ರೋಗ ಬಾರದಿರಲೆಂದು ಕುಡಿಯುವ ಪದಾರ್ಥಕ್ಕೆ ಬೇರೆಯೇ ಅಳತೆ ಇರಬೇಕಲ್ಲವೆ? ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ವ್ಯಕ್ತಿ, ಅದು ತನಗಿದೆಯೆಂದೇ ತಿಳಿಯದೆ ಇದನ್ನು ಕುಡಿಯುತ್ತಿದ್ದರೆ ಅಪಾಯ ಇನ್ನೂ ಹೆಚ್ಚು.

ತಿಳಿಯದೆ ಇರುವವರೇ ಬಹುಸಂಖ್ಯಾತರು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ಹೆಪಟೈಟಿಸ್ ಬಿ, 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇತ್ತು. ಭಾರತದ ಪಾಲು ಕ್ರಮವಾಗಿ 2.98 ಕೋಟಿ ಮತ್ತು 55 ಲಕ್ಷ. ಒಟ್ಟು ಲೆಕ್ಕದಲ್ಲಿ ಚೀನಾದ ನಂತರದ ಸ್ಥಾನ. ಜಗತ್ತಿನ ಹೆಪಟೈಟಿಸ್ ಬಿ ಪೀಡಿತರಲ್ಲಿ ತಮಗೆ ಕಾಯಿಲೆ ಇದೆಯೆಂದು ಗೊತ್ತಿದ್ದವರು ಶೇ 13, ಚಿಕಿತ್ಸೆ ಸಿಗುತ್ತಿದ್ದದ್ದು ಶೇ 3ರಷ್ಟು ಮಂದಿಗೆ.

ಈ ಅಂಕಿಗಳ ಬೇರು ಮತ್ತೆ ಸಹಜ ನಿರೋಧಕತೆಗೇ ಹೋಗಿ ಮುಟ್ಟುತ್ತದೆ. ವಯಸ್ಕರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಉಳಿದುಕೊಳ್ಳುವ ಹೆಪಟೈಟಿಸ್ ಬಿ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟಿದರೆ ನೂರಕ್ಕೆ 90 ಮಕ್ಕಳಲ್ಲಿ ಜೀವಮಾನವಿಡೀ ಉಳಿಯುತ್ತದೆ. ವೈರಸ್ ಅದೇ, ಲಿವರ್‌ನ ವಯಸ್ಸು ಬೇರೆ. ಆಗಷ್ಟೇ ಹುಟ್ಟಿದ ದೇಹ ಹೊರಜಗತ್ತನ್ನೆಲ್ಲ ಸಹಿಸಿಕೊಳ್ಳಲು ಹೊಂದಿಕೊಂಡಿರುತ್ತದೆ. ವೈರಸ್ಸೂ ಆ ಸಹನೆಯ ಪಟ್ಟಿಗೆ ಸೇರಿಬಿಡುತ್ತದೆ. ಅಲ್ಲಿ ಯಾವ ಟಾನಿಕ್ಕೂ ಕೆಲಸ ಮಾಡದು. ಮಾಡುವುದು ಲಸಿಕೆ, ಅದೂ ಹುಟ್ಟಿದ 24 ಗಂಟೆಯೊಳಗೆ ಕೊಟ್ಟರೆ. ನಿಧಾನದ ನಿರೋಧಕತೆಗೆ ವೈರಸ್ಸಿಗಿಂತ ಮೊದಲೇ ಪಾಠ ಹೇಳಿಬಿಡುವ ಲೆಕ್ಕಾಚಾರ ಅದು. 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಆರಂಭಿಸಿದ ತೈವಾನಿನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಇಳಿದದ್ದು 1997ರ ಹೊತ್ತಿಗೇ ದಾಖಲಾಗಿದೆ.

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದಮೇಲೆ ಮೊದಲ 24 ಗಂಟೆಯಲ್ಲಿ ಮಗು ಕೈಗೆ ಸಿಗಲಿಲ್ಲ ಎನ್ನುವ ನೆಪವಿಲ್ಲ. ಬಸುರಿಯರಿಗೆ ಎಚ್‌ಐವಿ ಪರೀಕ್ಷೆ ಮಾಡುವಾಗಲೇ ಅದೇ ರಕ್ತದಲ್ಲಿ ಹೆಪಟೈಟಿಸ್ ಬಿಯನ್ನೂ ನೋಡಬೇಕು. ಪಾಸಿಟಿವ್ ಬಂದವರ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಕೊಡಬೇಕು, ವೈರಸ್ ಪ್ರಮಾಣ ಹೆಚ್ಚಿದ್ದರೆ ತಾಯಿಗೆ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್. ಇವೆಲ್ಲ ಈಗಾಗಲೇ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದ ಕಾಗದದಲ್ಲಿವೆ. ಇನ್ನು ಲಸಿಕೆಯ ಮೊದಲ ಡೋಸ್ ತಪ್ಪುವುದಕ್ಕೆ ಹಲವೆಡೆ ಕಾರಣ ಬಹಳ ಸಾಮಾನ್ಯವಾದದ್ದು. ರಾತ್ರಿಯೋ ಭಾನುವಾರವೋ ಒಂದೇ ಮಗು ಹುಟ್ಟಿದಾಗ, ಹತ್ತು ಡೋಸಿನ ಶೀಶೆ ತೆರೆದರೆ ಉಳಿದ ಒಂಬತ್ತು ಹಾಳಾಗಿ ಲೆಕ್ಕ ಕೊಡಬೇಕಾದೀತು ಎಂಬ ಅಂಜಿಕೆ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಸರಿಯಾದ ತಂಪಿನಲ್ಲಿಟ್ಟ ತೆರೆದ ಶೀಶೆಯನ್ನು 28 ದಿನ ಬಳಸಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ರಾತ್ರಿ ಪಾಳಿಯ ನರ್ಸ್ ಯಾರ ಅಪ್ಪಣೆಗೂ ಕಾಯದೆ ಶೀಶೆ ತೆರೆಯಬಹುದೆಂದು ಸೇರಿಸಿ, ಎಲ್ಲ ಹೆರಿಗೆ ಕೋಣೆಗಳಿಗೂ ಈ ತಿಂಗಳೇ ಕಳಿಸಬಹುದು.